ಶುದ್ಧತಳಿಯ ನಾಯಿಗಳಲ್ಲಿ ಆನುವಂಶಿಕ ನೇತ್ರವಿಕಾರಗಳು: ಬೆಳ್ವೊಲ ನಾಡಿನಿಂದ ಒಂದು ವಿವೇಚನೆ

೧. ಪ್ರಾಸ್ತಾವಿಕ

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಸಂಚಿಕೆಯಲ್ಲಿ ನಾಯಿಗಳ ಕಣ್ಣನ್ನು ಕುರಿತ ಲೇಖನವನ್ನು ಕಂಡು ವಾಚಕರಿಗೆ ಆಶ್ಚರ್ಯವಾಗುವುದು ಸಹಜ. ಶಾಸನಗಳನ್ನೂ ವೀರಗಲ್ಲುಗಳನ್ನೂ ಓದುವವರಿಗೆ ಪಶುವೈದ್ಯದ ಗೊಡವೆ ಏಕೆಂದು ಕೇಳಿದರೆ, ನಾವು ಎರಡು ಕಾರಣಗಳನ್ನು ಹೇಳಬೇಕಾಗುತ್ತದೆ. ವಂಶಾವಳಿಯೆಂಬ ವಸ್ತು ನಮ್ಮ ಶಾಸ್ತ್ರಕ್ಕೆ ಸೇರಿದುದು. ಅದು ಅರಸರದಾದರೂ ಸರಿಯೆ, ನಾಯಿಗಳದಾದರೂ ಸರಿಯೆ, ಅದನ್ನು ಓದುವ ಕ್ರಮ ಒಂದೇ. ಇದು ಮೊದಲನೆಯ ಕಾರಣ. ಎರಡನೆಯದು ಸ್ವಂತ ಅನುಭವಕ್ಕೆ ಸೇರಿದುದು.

ನರೇಗಲ್ಲಿನಲ್ಲಿರುವ ನಮ್ಮ ಸೋದರಮಾವನವರು ಕೆಲವು ವರ್ಷಗಳ ಹಿಂದೆ ದೂರದ ಪಟ್ಟಣವೊಂದರಿಂದ ಲ್ಯಾಬ್ರಡಾರ್ ಜಾತಿಯ ಮರಿಯೊಂದನ್ನು ತರಿಸಿದರು. ಅದರೊಡನೆ ಮೂರು ತಲೆಮಾರುಗಳ ವಂಶಾವಳಿಯ ಪತ್ರವೂ ಬಂದಿತು. ನಾಯಿ ಚೆನ್ನಾಗಿ ಬೆಳೆಯಿತು. ಐದನೆಯ ವರ್ಷದಲ್ಲಿ ಮನೆಯವರು ಒಂದು ಬದಲಾವಣೆಯನ್ನು ಕಂಡರು. "ಹೊತ್ತು ಮುಳುಗಿದ್ರ ಸಾಕು, ನಾಯಿ ಕಟ್ಟಿ ಇಳಿಯಂಗಿಲ್ಲ ನೋಡು" ಎಂದು ಮಾವನವರು ನಮ್ಮೊಡನೆ ಹೇಳಿದಾಗ, ಅದು ಮುದಿತನದ ಸೋಮಾರಿತನವಿರಬೇಕೆಂದು ನಾವು ಹಗುರವಾಗಿ ಮಾತನಾಡಿದೆವು. ಹಗಲಿನಲ್ಲಿ ಅದು ಎಂದಿನಂತೆ ಓಡಾಡುತ್ತಿತ್ತು. ಆದರೆ ಮರುವರ್ಷ ಹಿತ್ತಲಿನಲ್ಲಿ ಹೊಸದಾಗಿ ನೆಟ್ಟ ಕಂಬಕ್ಕೆ ನಡುಹಗಲಿನಲ್ಲಿಯೇ ಹಣೆ ಬಡಿಯಿತು. ಪಶುವೈದ್ಯರು ಪರೀಕ್ಷಿಸಿ, ಇದು ಅಕ್ಷಿಪಟಲದ ಕ್ರಮಿಕ ಕ್ಷಯವೆಂದೂ, ಪೆಟ್ಟಿನಿಂದಾಗಲಿ ಆಹಾರದ ಕೊರತೆಯಿಂದಾಗಲಿ ಬಂದುದಲ್ಲವೆಂದೂ, ತಂದೆತಾಯಿಗಳಿಬ್ಬರಿಂದಲೂ ಇಳಿದು ಬಂದುದೆಂದೂ ತಿಳಿಸಿದರು. ಆಗ ಆ ಪತ್ರವನ್ನು ನಾವು ಮತ್ತೆ ತೆಗೆದು ನೋಡಿದೆವು. ತಂದೆಯ ಕಡೆಯಲ್ಲಿಯೂ ತಾಯಿಯ ಕಡೆಯಲ್ಲಿಯೂ ಒಂದೇ ಗಂಡುನಾಯಿಯ ಹೆಸರು ಬಂದಿದ್ದಿತು. ಆ ಹೆಸರಿನ ಹಿಂದೆ ಪ್ರದರ್ಶನಗಳಲ್ಲಿ ಗೆದ್ದ ಬಿರುದೂ ಇದ್ದಿತು.

ಈ ಒಂದು ಪತ್ರದಿಂದ ಹುಟ್ಟಿದ ಪ್ರಶ್ನೆಗಳನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ನಾಡಿನದೇ ಆದ ಮುಧೋಳದ ಬೇಟೆನಾಯಿಗೆ ಈಗ ದೊರೆಯುತ್ತಿರುವ ಕೀರ್ತಿಯಿಂದಾಗಿ ಈ ಪ್ರಶ್ನೆಗಳು ಇನ್ನಷ್ಟು ಅಗತ್ಯವಾಗಿವೆ.

೨. ಕನ್ನಡ ನಾಡಿನ ಬೇಟೆನಾಯಿ

ಕನ್ನಡ ನಾಡಿನಲ್ಲಿ ನಾಯಿಯ ಇತಿಹಾಸವನ್ನು ಹೇಳಹೊರಟವರು ಆತಕೂರಿನ ಕಲ್ಲಿನಿಂದಲೇ ಆರಂಭಿಸಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲೆ ಶಕವರ್ಷ ೮೭೨ಕ್ಕೆ, ಅಂದರೆ ಕ್ರಿ. ಶ. ೯೪೯-೫೦ಕ್ಕೆ ಸೇರಿದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗ ಇಮ್ಮಡಿ ಬೂತುಗನು ಅವನ ಪಕ್ಷದಲ್ಲಿದ್ದನು. ಆ ಯುದ್ಧದಲ್ಲಿ ಶೌರ್ಯವನ್ನು ಮೆರೆದ ಮಣಲೆರನೆಂಬ ವೀರನಿಗೆ ಮೆಚ್ಚಿ ಬೂತುಗನು ವರವನ್ನು ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಒಡೆಯನ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಸೆಣಸಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದುವ ಚಿತ್ರವನ್ನು ಆ ಶಿಲೆಯಲ್ಲಿ ಇಂದಿಗೂ ನೋಡಬಹುದು.

ನರೇಗಲ್ಲಿನವರು ಗಮನಿಸಬೇಕಾದ ಅಂಶವೊಂದು ಇದೇ ಶಾಸನದಲ್ಲಿದೆ. ಕೃಷ್ಣನು ಬೂತುಗನಿಗೆ ಬನವಾಸಿ ೧೨೦೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳೊಡನೆ ಬೆಳ್ವೊಲ ೩೦೦ನ್ನೂ ಕೊಟ್ಟನೆಂದು ಅದು ತಿಳಿಸುತ್ತದೆ. ಶಾಸನಗಳಲ್ಲಿ ಬರುವ ನರೆಯಂಗಲ್ ಹನ್ನೆರಡು ಈ ಬೆಳ್ವೊಲದ ಒಳಗಿನ ವಿಭಾಗ. ಇಂತು ಕಾಳಿಯ ಒಡೆಯನಾಗಿದ್ದವನೇ ನಮ್ಮ ನೆಲದ ಒಡೆಯನೂ ಆಗಿದ್ದನು. ಮುಂದೆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ನಾಯಿಗಳ ವಿನೋದಕ್ಕೂ ಪ್ರತ್ಯೇಕವಾದ ಸ್ಥಾನ ದೊರೆತಿದೆ. ಒಳ್ಳೆಯ ನಾಯಿಯನ್ನು ಆರಿಸುವ ವಿಚಾರ ನಮ್ಮಲ್ಲಿ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಆಧುನಿಕ ಕಾಲದಲ್ಲಿ ಈ ಪರಂಪರೆಯ ಹೆಸರು ಉಳಿದಿರುವುದು ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ಉದ್ದನೆಯ ತಲೆ, ಆಳವಾದ ಎದೆ, ಸಣ್ಣ ನಡು, ನೀಳವಾದ ಕಾಲುಗಳುಳ್ಳ ಈ ನಾಯಿ ಪಶ್ಚಿಮ ಮತ್ತು ಮಧ್ಯ ಏಷಿಯದ ಸಲೂಕಿ, ತಾಜಿ ಮೊದಲಾದ ನಾಯಿಗಳ ಬಂಧುವೆಂದು ಬಲ್ಲವರು ಎಣಿಸುತ್ತಾರೆ. ಬೇಡರ ಬಳಿಯಲ್ಲಿದ್ದ ಈ ನಾಯಿಗಳನ್ನು ಮುಧೋಳದ ಸಂಸ್ಥಾನಿಕರಾದ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಂಗ್ರಹಿಸಿ, ಆರಿಸಿ, ಬೆಳೆಸಿದರು. ಒಂದು ಜೋಡಿಯನ್ನು ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರೆಂಬುದೂ ಪ್ರಸಿದ್ಧವಾಗಿದೆ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ೨೦೧೬ರಲ್ಲಿ ಇಲ್ಲಿಯ ಮರಿಗಳು ಸೈನ್ಯದ ತರಬೇತಿಗಾಗಿ ಮೀರಠಕ್ಕೆ ಹೋದವು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಈ ತಳಿಯ ಹೆಸರನ್ನು ಎತ್ತಿದಂದಿನಿಂದ ದೇಶದ ನಾಲ್ಕೂ ಕಡೆಯ ಜನ ಇದನ್ನು ಅರಿತರು.

ಈ ನಾಯಿಯ ಮುಖ್ಯ ಗುಣವೊಂದನ್ನು ಇಲ್ಲಿಯೇ ಹೇಳಬೇಕು. ಬೇಟೆನಾಯಿಗಳಲ್ಲಿ ಮೂಗಿನಿಂದ ಜಾಡನ್ನು ಹಿಡಿಯುವವು ಕೆಲವಾದರೆ, ಕಣ್ಣಿನಿಂದ ಕಂಡು ಓಡುವವು ಕೆಲವು. ಮುಧೋಳದ ನಾಯಿ ಎರಡನೆಯ ವರ್ಗಕ್ಕೆ ಸೇರಿದುದು. ಅದರ ಕಾಲುಗಳ ವೇಗವೆಲ್ಲ ಕಣ್ಣಿಗೆ ಅಧೀನ. ಬಯಲಿನಲ್ಲಿ ಮೊಲದ ಚಲನೆಯನ್ನು ದೂರದಿಂದ ಕಾಣಲಾರದ ಬೇಟೆನಾಯಿಗೆ ವೇಗದಿಂದ ಪ್ರಯೋಜನವಿಲ್ಲ. ಆದುದರಿಂದ ಕಣ್ಣಿನ ಆರೋಗ್ಯ ಈ ತಳಿಗೆ ಅಲಂಕಾರದ ವಿಷಯವಲ್ಲ, ಸ್ವಭಾವದ ವಿಷಯ.

೩. ಶುದ್ಧತಳಿಯೆಂಬ ಕಲ್ಪನೆ

ನಾಯಿ ಮನುಷ್ಯನ ಅತಿ ಪ್ರಾಚೀನ ಸಂಗಾತಿಯಾದರೂ, ಶುದ್ಧತಳಿಯೆಂಬ ಕಲ್ಪನೆ ಈಗಿನ ಅರ್ಥದಲ್ಲಿ ನೂರೈವತ್ತು ವರ್ಷಗಳಿಗಿಂತ ಬಹಳ ಹಳೆಯದಲ್ಲ. ಮೊದಲು ಜನ ಕೆಲಸವನ್ನು ನೋಡಿ ನಾಯಿಯನ್ನು ಆರಿಸುತ್ತಿದ್ದರು. ಕುರಿ ಕಾಯಬಲ್ಲ ನಾಯಿಗೆ ಕುರಿ ಕಾಯಬಲ್ಲ ನಾಯಿಯನ್ನು ಕೂಡಿಸುತ್ತಿದ್ದರು. ಅದರ ಬಾಲದ ಡೊಂಕನ್ನಾಗಲಿ ಬಣ್ಣವನ್ನಾಗಲಿ ಅಷ್ಟಾಗಿ ವಿಚಾರಿಸುತ್ತಿರಲಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ೧೮೫೯ರಲ್ಲಿ ನಾಯಿಗಳ ಪ್ರದರ್ಶನ ನಡೆದು, ೧೮೭೩ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಸ್ಥಾಪಿತವಾದ ಮೇಲೆ, ಪ್ರತಿಯೊಂದು ತಳಿಗೂ ರೂಪದ ಲಕ್ಷಣಗಳನ್ನು ಬರೆದಿಟ್ಟು ವಂಶಾವಳಿಯ ಪುಸ್ತಕವನ್ನು ತೆರೆಯುವ ಪದ್ಧತಿ ಬಂದಿತು. ಪುಸ್ತಕದಲ್ಲಿ ಹೆಸರಿರುವ ತಂದೆತಾಯಿಗಳ ಮರಿಗಳಿಗೆ ಮಾತ್ರವೇ ಆ ಪುಸ್ತಕದಲ್ಲಿ ಸ್ಥಾನ.

ಇದರ ಪರಿಣಾಮವನ್ನು ಕೆರೆಯ ಉಪಮೆಯಿಂದ ತಿಳಿಯಬಹುದು. ಕೆರೆಗೆ ಹೊಸ ನೀರು ಬರುವ ಕಾಲುವೆಯನ್ನು ಮುಚ್ಚಿದ ಮೇಲೆ, ಅಂದು ಅದರಲ್ಲಿ ಏನಿತ್ತೋ ಅದೇ ಸುತ್ತುತ್ತಿರಬೇಕು. ತಳಿಯನ್ನು ಸ್ಥಾಪಿಸಿದ ಮೊದಲ ನಾಯಿಗಳಲ್ಲಿ ಗುಣಗಳಿದ್ದಂತೆ ದೋಷಗಳೂ ಅಡಗಿದ್ದವು. ಎರಡೂ ಪುಸ್ತಕದ ಒಳಗೆ ಉಳಿದವು. ಇದಕ್ಕೆ ಮತ್ತೊಂದು ಕಾರಣ ಸೇರಿತು. ಪ್ರದರ್ಶನದಲ್ಲಿ ಗೆದ್ದ ಒಂದು ಗಂಡುನಾಯಿಯಿಂದಲೇ ಎಲ್ಲರೂ ಮರಿಗಳನ್ನು ಬಯಸತೊಡಗಿದರು. ಹೆಣ್ಣುನಾಯಿ ತನ್ನ ಆಯುಷ್ಯದಲ್ಲಿ ಕೆಲವೇ ಸೂಲುಗಳನ್ನು ಹಡೆಯಬಲ್ಲುದು. ಗಂಡಿಗೆ ಅಂತಹ ಮಿತಿ ಇಲ್ಲ. ಹೀಗೆ ಒಂದೇ ನಾಯಿಯ ರಕ್ತ ಇಡೀ ತಳಿಯಲ್ಲಿ ಹರಡುವುದು ಸಾಧ್ಯವಾಯಿತು.

೪. ಕಣ್ಣಿನ ವಿಕಾರಗಳು

ನಾಯಿಯ ಕಣ್ಣಿನ ರಚನೆ ಸ್ಥೂಲವಾಗಿ ನಮ್ಮ ಕಣ್ಣಿನಂತೆಯೇ ಇದೆ. ಮುಂದೆ ಪಾರದರ್ಶಕವಾದ ಪಟಲ, ಅದರ ಹಿಂದೆ ಕಣ್ಣಿನ ಪಾಪೆ, ಅದರ ಹಿಂದೆ ಮಸೂರ, ಎಲ್ಲಕ್ಕೂ ಹಿಂದೆ ಬೆಳಕನ್ನು ಗ್ರಹಿಸುವ ಅಕ್ಷಿಪಟಲ. ಅಕ್ಷಿಪಟಲದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ನೋಡಲು, ಶಂಕುಕೋಶಗಳು ಹಗಲಿನ ಬೆಳಕಿನಲ್ಲಿ ನೋಡಲು ನೆರವಾಗುತ್ತವೆ. ನಾಯಿಯ ಕಣ್ಣಿನಲ್ಲಿ ಅಕ್ಷಿಪಟಲದ ಹಿಂದೆ ಕನ್ನಡಿಯಂತೆ ಹೊಳೆಯುವ ಪದರವೊಂದು ಹೆಚ್ಚಾಗಿದೆ. ಇರುಳಿನಲ್ಲಿ ದೀಪದ ಎದುರಿಗೆ ನಾಯಿಯ ಕಣ್ಣು ಮಿನುಗುವುದು ಇದರಿಂದ.

ಆನುವಂಶಿಕ ವಿಕಾರಗಳು ಈ ಯಾವ ಭಾಗವನ್ನಾದರೂ ಹಿಡಿಯಬಹುದು. ಎಲ್ಲವನ್ನೂ ಇಲ್ಲಿ ಎಣಿಸುವುದು ಅನಾವಶ್ಯಕ. ಮುಖ್ಯವಾದವನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಮಾವನವರ ನಾಯಿಗೆ ಬಂದ ಅಕ್ಷಿಪಟಲದ ಕ್ರಮಿಕ ಕ್ಷಯ. ಸ್ವೀಡನ್ನಿನ ಮ್ಯಾಗ್ನುಸನ್ ಎಂಬ ವಿದ್ವಾಂಸನು ೧೯೧೧ರಲ್ಲಿ ಗಾರ್ಡನ್ ಸೆಟರ್ ಜಾತಿಯ ನಾಯಿಗಳಲ್ಲಿ ಇದನ್ನು ಮೊದಲು ವರ್ಣಿಸಿದನು. ಇದರಲ್ಲಿ ಸಾಮಾನ್ಯವಾಗಿ ದಂಡಕೋಶಗಳು ಮೊದಲು ಸಾಯುತ್ತವೆ. ಆದುದರಿಂದಲೇ ಇರುಳುಗುರುಡು ಮೊದಲ ಲಕ್ಷಣ. ಅನಂತರ ಶಂಕುಕೋಶಗಳೂ ಅಳಿದು ಹಗಲಿನ ದೃಷ್ಟಿಯೂ ಹೋಗುತ್ತದೆ. ಅಕ್ಷಿಪಟಲ ತೆಳುವಾದಂತೆ ಹಿಂದಿನ ಹೊಳಪಿನ ಪದರ ಹೆಚ್ಚಾಗಿ ಕಾಣುವುದರಿಂದ, ರೋಗ ಬಲಿತ ಕಣ್ಣು ಎಂದಿಗಿಂತಲೂ ಹೆಚ್ಚು ಹೊಳೆಯುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ನಾಯಿ ಮೂಗಿನ ಮತ್ತು ಕಿವಿಯ ನೆರವಿನಿಂದ ಪರಿಚಿತವಾದ ಮನೆಯಲ್ಲಿ ಸರಾಗವಾಗಿ ಓಡಾಡುವುದರಿಂದ, ಒಡೆಯರಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಕೆಲವು ತಳಿಗಳಲ್ಲಿ ಇದು ಮರಿಯ ವಯಸ್ಸಿನಲ್ಲಿಯೇ ಆರಂಭವಾದರೆ, ಲ್ಯಾಬ್ರಡಾರಿನಂತಹ ತಳಿಗಳಲ್ಲಿ ನಾಲ್ಕಾರು ವರ್ಷಗಳಾದ ಮೇಲೆ ತೋರುತ್ತದೆ. ಇದಕ್ಕೆ ಈವರೆಗೆ ಔಷಧವಿಲ್ಲ.

ಎರಡನೆಯದು ಕಣ್ಣಿನ ಪೊರೆ. ಮುದಿತನದಲ್ಲಿಯೂ ಮಧುಮೇಹದಿಂದಲೂ ಬರುವ ಪೊರೆ ಬೇರೆ. ಎಳೆಯ ವಯಸ್ಸಿನಲ್ಲಿಯೇ ಮಸೂರವು ಬೆಳ್ಳಗಾಗುವ ವಂಶಪರಂಪರೆಯ ಪೊರೆ ಬೇರೆ. ಮುಧೋಳದ ನಾಯಿಯಂತೆ ಕಣ್ಣಿನಿಂದ ಬೇಟೆಯಾಡುವ ಆಫ್ಘನ್ ಹೌಂಡ್ ತಳಿಯಲ್ಲಿ ಇದು ಬಹುಕಾಲದಿಂದ ತಿಳಿದಿದೆ. ಬಾಸ್ಟನ್ ಟೆರಿಯರ್ ಮತ್ತು ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್ ತಳಿಗಳಲ್ಲಿ ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು ೨೦೦೬ರಲ್ಲಿ ಗುರುತಿಸಿದರು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದರೂ, ಮರಿಗಳಿಗೆ ದಾಟುವ ದೋಷವನ್ನು ಶಸ್ತ್ರ ತೆಗೆಯಲಾರದು.

ಮೂರನೆಯದು ಕೋಲಿ ಜಾತಿಯ ಕುರಿನಾಯಿಗಳಲ್ಲಿ ಕಾಣುವ ಹುಟ್ಟಿನ ವಿಕಾರ. ಅಕ್ಷಿಪಟಲಕ್ಕೆ ರಕ್ತವನ್ನೊದಗಿಸುವ ಪದರ ಸರಿಯಾಗಿ ಬೆಳೆಯದೆ, ಕೆಲವು ಮರಿಗಳ ಕಣ್ಣಿನ ಹಿಂಭಾಗದಲ್ಲಿ ಹಳ್ಳ ಬೀಳುವುದೂ ಅಕ್ಷಿಪಟಲ ಕಳಚಿಕೊಳ್ಳುವುದೂ ಉಂಟು. ವಿಚಿತ್ರವೆಂದರೆ, ಐದಾರು ವಾರಗಳ ಮರಿಯಲ್ಲಿ ಸ್ಪಷ್ಟವಾಗಿ ಕಾಣುವ ಅಲ್ಪದೋಷವು ಮರಿ ಬೆಳೆದಂತೆ ಬಣ್ಣದ ಕಣಗಳಿಂದ ಮುಚ್ಚಿಹೋಗಿ, ದೊಡ್ಡ ನಾಯಿಯ ಕಣ್ಣು ನಿರ್ದೋಷವೆಂಬಂತೆ ತೋರಬಹುದು. ಪರೀಕ್ಷಕನು ತಡವಾಗಿ ಬಂದರೆ ದೋಷಿಯು ನಿರ್ದೋಷಿಯಾಗುತ್ತಾನೆ. ೨೦೦೭ರಲ್ಲಿ ಇದರ ಮೂಲವನ್ನು ಕಂಡುಹಿಡಿದಾಗ, ಒಂದು ವಂಶವಾಹಿಯೊಳಗೆ ಸುಮಾರು ೭,೮೦೦ ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುವುದು ತಿಳಿದುಬಂದಿತು.

ಇವಲ್ಲದೆ, ಟೆರಿಯರ್ ಜಾತಿಗಳಲ್ಲಿ ಮಸೂರವು ತನ್ನ ಸ್ಥಾನದಿಂದ ಜಾರುವುದು, ಬೀಗಲ್ ಮತ್ತು ಬ್ಯಾಸೆಟ್ ನಾಯಿಗಳಲ್ಲಿ ಕಣ್ಣಿನ ಒಳಗಿನ ಒತ್ತಡವು ಏರಿ ದೃಷ್ಟಿನರ ನಾಶವಾಗುವುದು ಇತ್ಯಾದಿಗಳಿವೆ. ಇವೆರಡರಲ್ಲಿಯೂ ತೀವ್ರವಾದ ನೋವಿರುವುದರಿಂದ ಒಡೆಯರು ತಡಮಾಡದೆ ವೈದ್ಯರನ್ನು ಕಾಣಬೇಕು.

ಇನ್ನೊಂದು ವರ್ಗದ ವಿಕಾರಗಳು ರೋಗದ ವಂಶವಾಹಿಯಿಂದ ಬಂದವಲ್ಲ. ಮನುಷ್ಯನು ಮೆಚ್ಚಿದ ರೂಪದಿಂದಲೇ ಬಂದವು. ಪಗ್ ಮತ್ತು ಪೀಕಿಂಗೀಸ್ ನಾಯಿಗಳ ಮುಖವನ್ನು ಚಪ್ಪಟೆ ಮಾಡುತ್ತ ಹೋದಂತೆ ಕಣ್ಣಿನ ಗೂಡು ಆಳವಿಲ್ಲದೆ, ಕಣ್ಣುಗುಡ್ಡೆ ಹೊರಚಾಚಿತು. ರೆಪ್ಪೆ ಪೂರ್ಣವಾಗಿ ಮುಚ್ಚದಾಯಿತು. ಅಲ್ಪಸ್ವಲ್ಪ ಪೆಟ್ಟಿಗೆ ಹುಣ್ಣಾಗುವುದು ಸಾಮಾನ್ಯವಾಯಿತು. ಚರ್ಮದ ಮಡಿಕೆಗಳನ್ನು ಮೆಚ್ಚಿದ ತಳಿಗಳಲ್ಲಿ ರೆಪ್ಪೆ ಒಳಮಗುಚಿ ಕೂದಲು ಕಣ್ಣನ್ನು ಉಜ್ಜುತ್ತದೆ. ೨೦೦೩ರ ಸುಮಾರಿನಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಪಗ್ ನಾಯಿ ಕಾಣಿಸಿಕೊಂಡ ಮೇಲೆ ನಮ್ಮ ಸಣ್ಣ ಪಟ್ಟಣಗಳಿಗೂ ಆ ನಾಯಿ ಬಂದುದನ್ನು ವಾಚಕರು ಬಲ್ಲರು. ಗದಗು-ರೋಣ ಭಾಗದ ಬೇಸಿಗೆಯ ಬಿಸಿಲು ಮತ್ತು ಧೂಳಿನಲ್ಲಿ ಅಂತಹ ಕಣ್ಣು ಪಡುವ ಪಾಡನ್ನು ವಿವರಿಸಬೇಕಾಗಿಲ್ಲ.

೫. ದೋಷವು ಇಳಿದುಬರುವ ಲೆಕ್ಕ

ನಾಯಿಯ ಪ್ರತಿಯೊಂದು ಜೀವಕೋಶದಲ್ಲಿ ೩೯ ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದುದು. ಆದುದರಿಂದ ಬಹುತೇಕ ವಂಶವಾಹಿಗಳಿಗೆ ಎರಡು ಪ್ರತಿಗಳಿವೆ. ಕಣ್ಣಿನ ವಿಕಾರಗಳಲ್ಲಿ ಹೆಚ್ಚಿನವು ಅಪ್ರಬಲವಾದವು. ಅಂದರೆ, ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ರೋಗ ಬರುತ್ತದೆ. ಒಂದು ಪ್ರತಿ ಕೆಟ್ಟು ಒಂದು ಸರಿಯಾಗಿದ್ದರೆ ನಾಯಿಯ ಕಣ್ಣು ಚೆನ್ನಾಗಿಯೇ ಇರುತ್ತದೆ. ಇಂತಹ ನಾಯಿಯನ್ನು ವಾಹಕವೆನ್ನುತ್ತಾರೆ. ಇಬ್ಬರು ವಾಹಕರು ಕೂಡಿದರೆ, ಪ್ರತಿಯೊಂದು ಮರಿಯೂ ರೋಗಿಯಾಗುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಪೂರ್ಣ ನಿರ್ದೋಷವಾಗುವ ಸಂಭವ ನಾಲ್ಕರಲ್ಲಿ ಒಂದು. ಎಲ್ಲ ವಿಕಾರಗಳೂ ಹೀಗಿಲ್ಲ. ಮ್ಯಾಸ್ಟಿಫ್ ನಾಯಿಗಳ ಒಂದು ಬಗೆಯ ಅಕ್ಷಿಪಟಲ ಕ್ಷಯಕ್ಕೆ ಒಂದೇ ಕೆಟ್ಟ ಪ್ರತಿ ಸಾಕು; ಸೈಬೀರಿಯನ್ ಹಸ್ಕಿಗಳ ಇನ್ನೊಂದು ಬಗೆ ತಾಯಿಯಿಂದ ಗಂಡುಮರಿಗಳಿಗೆ ಇಳಿಯುತ್ತದೆ. ಆದರೆ ಅಪ್ರಬಲ ದೋಷಗಳೇ ಹೆಚ್ಚು, ಮತ್ತು ಅವೇ ಹೆಚ್ಚು ಮೋಸಗೊಳಿಸುವವು.

ಮೋಸ ಹೇಗೆಂಬುದಕ್ಕೆ ಒಂದು ಲೆಕ್ಕವನ್ನು ಹೇಳುತ್ತೇವೆ. ಒಂದು ತಳಿಯ ನೂರು ನಾಯಿಗಳಲ್ಲಿ ಒಂದು ಮಾತ್ರ ಕುರುಡಾಗುತ್ತದೆಂದು ಭಾವಿಸೋಣ. ಕೂಡಿಕೆಯು ಯಾದೃಚ್ಛಿಕವಾಗಿದ್ದರೆ, ಉಳಿದವುಗಳಲ್ಲಿ ಹದಿನೆಂಟು ನಾಯಿಗಳು ವಾಹಕಗಳಾಗಿರುತ್ತವೆ. ಕಣ್ಣಿಗೆ ಕಾಣುವ ಒಂದರ ಹಿಂದೆ ಕಾಣದ ಹದಿನೆಂಟು ಇವೆ. ಕುರುಡಾದ ನಾಯಿಗಳಿಂದ ಮಾತ್ರ ಮರಿಗಳನ್ನು ಪಡೆಯದೆ ಬಿಟ್ಟರೆ, ನೂರಕ್ಕೆ ಒಂದಿದ್ದ ಕುರುಡು ನಾನೂರಕ್ಕೆ ಒಂದಾಗಲು ಹತ್ತು ತಲೆಮಾರುಗಳು ಬೇಕು. ಇದಾದರೂ ಕುರುಡು ಮೊದಲೇ ತಿಳಿದರೆ ಮಾತ್ರ. ಮಾವನವರ ನಾಯಿಯಲ್ಲಿ ಆದಂತೆ ಐದನೆಯ ವರ್ಷದಲ್ಲಿ ತಿಳಿದರೆ, ಅಷ್ಟರಲ್ಲಿ ಅದರ ಮರಿಗಳೂ ಮರಿಗಳ ಮರಿಗಳೂ ಹುಟ್ಟಿರುತ್ತವೆ.

ಸಮೀಪ ಬಂಧುಗಳ ಕೂಡಿಕೆ ಇದಕ್ಕೆ ಹೇಗೆ ನೆರವಾಗುತ್ತದೆಂಬುದನ್ನೂ ಹೇಳಬೇಕು. ಗೆದ್ದ ಗಂಡುನಾಯಿಯೊಂದು ವಾಹಕವಾಗಿದ್ದು, ಅದು ಕೂಡಿದ ಹೆಣ್ಣುಗಳೆಲ್ಲ ನಿರ್ದೋಷವಾಗಿದ್ದವೆಂದು ಇಟ್ಟುಕೊಳ್ಳೋಣ. ಅದರ ಮರಿಗಳಲ್ಲಿ ಒಂದೂ ಕುರುಡಾಗುವುದಿಲ್ಲ. ಆದರೆ ಅರ್ಧ ಭಾಗ ವಾಹಕಗಳಾಗುತ್ತವೆ. ಈ ಮರಿಗಳು ಬೆಳೆದು, ಬೇರೆ ಬೇರೆ ತಾಯಂದಿರ ಅಣ್ಣತಂಗಿಯರು ತಮ್ಮತಮ್ಮಲ್ಲಿ ಕೂಡಿದರೆ ಹದಿನಾರು ಮರಿಗಳಲ್ಲಿ ಒಂದು ಕುರುಡಾಗುವ ಸಂಭವವಿದೆ. ಆ ಗಂಡುನಾಯಿಯನ್ನು ಅದರ ಮಗಳೊಡನೆಯೇ ಕೂಡಿಸಿದರೆ ಎಂಟರಲ್ಲಿ ಒಂದು. ತೊಂದರೆ ಕಾಣಿಸುವ ಹೊತ್ತಿಗೆ ಅದರ ಮೂಲಪುರುಷನು ಎರಡು ತಲೆಮಾರು ಹಿಂದೆ ಉಳಿದಿರುತ್ತಾನೆ. ಅವನ ಮೇಲೆ ಯಾರಿಗೂ ಸಂಶಯ ಹುಟ್ಟುವುದಿಲ್ಲ.

ಈ ಲೆಕ್ಕ ಮನುಷ್ಯರಿಗೂ ಅನ್ವಯಿಸುತ್ತದೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಬೇರೆ ತಾಯಂದಿರ ಅಣ್ಣತಂಗಿ ನಾಯಿಗಳ ಕೂಡಿಕೆಯಲ್ಲಿ ರಕ್ತಸಾಮೀಪ್ಯದ ಪ್ರಮಾಣ ಎಂಟರಲ್ಲಿ ಒಂದು. ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯಲ್ಲಿಯೂ ಮಕ್ಕಳಿಗೆ ಬರುವ ಪ್ರಮಾಣ ಅದೇ. ಸೋದರಮಾವನ ಮಗಳನ್ನು ಮದುವೆಯಾದರೆ ಹದಿನಾರರಲ್ಲಿ ಒಂದು. ಪಿ.ಆರ್.ಸಿ.ಡಿ. ಎಂಬ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾಗುವುದರಿಂದ ಲ್ಯಾಬ್ರಡಾರ್, ಪೂಡಲ್, ಕಾಕರ್ ಸ್ಪೇನಿಯಲ್ ಮೊದಲಾದ ಅನೇಕ ತಳಿಗಳಲ್ಲಿ ಅಕ್ಷಿಪಟಲದ ಕ್ಷಯ ಬರುತ್ತದೆಂದು ೨೦೦೬ರಲ್ಲಿ ಪ್ರಕಟವಾದಾಗ, ಅದೇ ಅಕ್ಷರದ ಅದೇ ಬದಲಾವಣೆ ಬಾಂಗ್ಲಾದೇಶ ಮೂಲದ ಮಾನವ ರೋಗಿಯೊಬ್ಬರಲ್ಲಿಯೂ ಕಂಡುಬಂದಿತ್ತು. ನಾಯಿಯ ಕಣ್ಣಿನ ವಿಚಾರ ನಮ್ಮ ಮನೆಯಿಂದ ದೂರದ ವಿಚಾರವಲ್ಲ.

೬. ವಂಶಾವಳಿಯ ಮೌನ

ಇನ್ನು ನಮ್ಮ ಶಾಸ್ತ್ರಕ್ಕೆ ಸೇರಿದ ಮಾತು. ರಾಷ್ಟ್ರಕೂಟರ ಅಥವಾ ಚಾಲುಕ್ಯರ ಪ್ರಶಸ್ತಿಯನ್ನು ಓದುವಾಗ ನಾವು ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಒಂದೇ ಎಚ್ಚರಿಕೆ: ಪ್ರಶಸ್ತಿಯು ಹೇಳಿದುದನ್ನು ಓದಿರಿ, ಹೇಳದೆ ಬಿಟ್ಟುದನ್ನೂ ಓದಿರಿ. ಗೆಲುವುಗಳು ಅಲ್ಲಿರುತ್ತವೆ, ಸೋಲುಗಳಿರುವುದಿಲ್ಲ. ಹಿರಿಯ ಮಗನನ್ನು ಬಿಟ್ಟು ಕಿರಿಯನು ಪಟ್ಟವೇರಿದುದಕ್ಕೆ ಕಾರಣ ಅಲ್ಲಿರುವುದಿಲ್ಲ. ವಂಶವನ್ನು ಹೊಗಳುವುದಕ್ಕೆಂದು ಬರೆದ ಬರಹವು ವಂಶದ ಆರೋಗ್ಯವನ್ನು ತಿಳಿಸಲಾರದು.

ನಾಯಿಯ ವಂಶಾವಳಿಪತ್ರವೂ ಇದೇ ಜಾತಿಯ ಬರಹ. ಮಾವನವರ ಪತ್ರದಲ್ಲಿ ಹದಿನಾಲ್ಕು ಪೂರ್ವಜರ ಹೆಸರುಗಳಿಗೆ ಸ್ಥಳವಿತ್ತು, ಬಣ್ಣವಿತ್ತು, ಬಿರುದುಗಳಿದ್ದವು. ಆ ಪೂರ್ವಜರಲ್ಲಿ ಯಾವುದು ಎಷ್ಟನೆಯ ವಯಸ್ಸಿನಲ್ಲಿ ಸತ್ತಿತು, ಯಾವುದರ ಕಣ್ಣು ಮಂಜಾಯಿತು, ಯಾವುದರ ಮರಿಗಳು ಕುರುಡಾದವು, ಇವುಗಳಿಗೆ ಒಂದು ಗೆರೆಯೂ ಇರಲಿಲ್ಲ. ಪತ್ರವು ಸುಳ್ಳನ್ನು ಹೇಳಲಿಲ್ಲ. ಆದರೆ ಕೊಳ್ಳುವವನಿಗೆ ಯಾವುದು ಬೇಕಾಗಿದ್ದಿತೋ ಅದನ್ನು ಹೇಳಲಿಲ್ಲ. ಎರಡು ಕಡೆಯಲ್ಲಿಯೂ ಬಂದ ಹೆಸರನ್ನು ನಾವು ಮೊದಲೇ ಕಂಡಿದ್ದೆವು. ಅದನ್ನು ಕುಲದ ಹೆಮ್ಮೆಯೆಂದು ಓದಿದೆವೇ ಹೊರತು ಅಪಾಯದ ಸೂಚನೆಯೆಂದು ಓದಲಿಲ್ಲ. ಶಾಸನಗಳಲ್ಲಿ ತೋರುವ ಎಚ್ಚರಿಕೆಯನ್ನು ಮನೆಯ ಪತ್ರದಲ್ಲಿ ತೋರದೆ ಹೋದುದು ನಮ್ಮ ತಪ್ಪು.

ಆತಕೂರಿನ ಕಲ್ಲು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದುದು. ಕಾಳಿಯ ತಂದೆತಾಯಿಗಳಾರೆಂದು ಅದು ಹೇಳುವುದಿಲ್ಲ. ಕಾಳಿಯು ಏನು ಮಾಡಿತು, ಹೇಗೆ ಸತ್ತಿತು ಎಂಬುದನ್ನು ಹೇಳುತ್ತದೆ.

೭. ಬ್ರಿಯಾರ್ಡ್ ನಾಯಿಗಳ ದೃಷ್ಟಾಂತ

ದೋಷವನ್ನು ಮುಚ್ಚಿಡದೆ ಹೇಳಿದರೆ ಎಷ್ಟು ಪ್ರಯೋಜನವಾಗಬಹುದೆಂಬುದಕ್ಕೆ ಫ್ರಾನ್ಸ್ ದೇಶದ ಕುರಿನಾಯಿಯಾದ ಬ್ರಿಯಾರ್ಡ್ ಒಳ್ಳೆಯ ದೃಷ್ಟಾಂತ. ಈ ತಳಿಯ ಕೆಲವು ಮರಿಗಳು ಹುಟ್ಟಿನಿಂದಲೇ ಇರುಳಿನಲ್ಲಿ ಕಾಣಲಾರವೆಂದು ಸ್ವೀಡನ್ನಿನ ಸಂಶೋಧಕರು ೧೯೮೯ರಲ್ಲಿ ವರ್ಣಿಸಿದರು. ಆರ್.ಪಿ.ಇ.೬೫ ಎಂಬ ವಂಶವಾಹಿಯಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗಿರುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಬೆಳಕನ್ನು ಗ್ರಹಿಸುವ ವಸ್ತುವು ಕಣ್ಣಿನಲ್ಲಿ ಒಮ್ಮೆ ವ್ಯಯವಾದ ಮೇಲೆ ಅದನ್ನು ಮತ್ತೆ ಸಿದ್ಧಗೊಳಿಸುವ ಕೆಲಸಕ್ಕೆ ಈ ವಂಶವಾಹಿ ಅಗತ್ಯ. ಮನುಷ್ಯರಲ್ಲಿ ಇದೇ ವಂಶವಾಹಿ ಕೆಟ್ಟರೆ ಮಕ್ಕಳು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಳ್ಳುತ್ತಾರೆ.

೨೦೦೧ರಲ್ಲಿ ಅಮೆರಿಕದ ವಿಜ್ಞಾನಿಗಳು ಸರಿಯಾದ ವಂಶವಾಹಿಯನ್ನು ನಿರಪಾಯಕಾರಿಯಾದ ವೈರಸ್ಸಿನಲ್ಲಿಟ್ಟು ಇಂತಹ ನಾಯಿಗಳ ಅಕ್ಷಿಪಟಲದ ಕೆಳಗೆ ಸೇರಿಸಿದರು. ಅವಕ್ಕೆ ಕಣ್ಣು ಕಾಣಿಸಿತು. ಅವುಗಳಲ್ಲಿ ಲಾನ್ಸಲಾಟ್ ಎಂಬ ನಾಯಿ ಜಗತ್ತಿನಲ್ಲೆಲ್ಲ ಹೆಸರಾಯಿತು. ೨೦೦೭ರಿಂದ ಮನುಷ್ಯರಲ್ಲಿ ಪ್ರಯೋಗಗಳು ನಡೆದು, ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಈ ಚಿಕಿತ್ಸೆಗೆ ಅನುಮತಿ ದೊರೆಯಿತು. ನಾಯಿಗಳ ಕುರುಡನ್ನು ಕುಲಕ್ಕೆ ಕಳಂಕವೆಂದು ಅಡಗಿಸಿಟ್ಟಿದ್ದರೆ, ಆ ಮಕ್ಕಳಿಗೆ ಬೆಳಕು ಅಷ್ಟು ಬೇಗ ದೊರೆಯುತ್ತಿರಲಿಲ್ಲ.

೮. ಮುಧೋಳದ ಎದುರಿಗಿರುವ ಪ್ರಶ್ನೆ

ಮುಧೋಳದ ತಳಿಯಲ್ಲಿ ಇಂಥ ರೋಗ ಹಬ್ಬಿದೆಯೆಂಬುದು ನಮ್ಮ ಮಾತಿನ ಅರ್ಥವಲ್ಲ. ನಾವು ಹೇಳುವುದು ತಳಿಯ ಚರಿತ್ರೆಯಿಂದ ಹುಟ್ಟುವ ಎಚ್ಚರಿಕೆಯನ್ನು. ಸಂಸ್ಥಾನಿಕರು ಆರಿಸಿ ಕೂಡಿಸಿದ ನಾಯಿಗಳಿಂದ ಹೆಸರಾದ ತಳಿ, ೧೯೪೮ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಆ ಆಶ್ರಯವನ್ನು ಕಳೆದುಕೊಂಡ ತಳಿ, ಈಚಿನ ವರ್ಷಗಳಲ್ಲಿ ಹಠಾತ್ತಾಗಿ ಬೇಡಿಕೆ ಏರಿದ ತಳಿ. ಮುಧೋಳದ ಸುತ್ತಲಿನ ಅನೇಕ ಮನೆಗಳಿಗೆ ಮರಿಗಳ ಮಾರಾಟ ಜೀವನೋಪಾಯವೂ ಆಗಿದೆ. ಬೇಡಿಕೆ ಹೆಚ್ಚಿದಾಗ ಕೈಗೆ ಸಿಕ್ಕಿದ ಹೆಸರಾಂತ ಗಂಡನ್ನೇ ಎಲ್ಲ ಹೆಣ್ಣುಗಳಿಗೂ ಕೂಡಿಸುವ ಆಸೆ ಹುಟ್ಟುವುದು ಲೋಕದಲ್ಲಿ ಎಲ್ಲ ಕಡೆಯೂ ಕಂಡ ಸಂಗತಿ. ಇಂಗ್ಲೆಂಡಿನ ತಳಿಗಳಲ್ಲಿ ಆ ಆಸೆಯ ಫಲ ತಿಳಿಯುವುದಕ್ಕೆ ನೂರು ವರ್ಷ ಬೇಕಾಯಿತು. ಅವರ ಅನುಭವ ಬರಹದಲ್ಲಿ ನಮ್ಮೆದುರಿಗಿರುವಾಗ ಅದನ್ನು ಮತ್ತೆ ಮೊದಲಿನಿಂದ ಅನುಭವಿಸುವ ಅಗತ್ಯ ನಮಗಿಲ್ಲ.

ನರೇಗಲ್ಲು-ಗಜೇಂದ್ರಗಡದ ಕಡೆಯ ಕುರಿಗಾರರ ನಾಯಿಗಳನ್ನು ಇಲ್ಲಿ ನೆನೆಯಬಹುದು. ಅವಕ್ಕೆ ವಂಶಾವಳಿಯ ಪತ್ರವಿಲ್ಲ. ಇರುಳಿನಲ್ಲಿ ಹಿಂಡಿನ ಸುತ್ತ ಎಚ್ಚರವಾಗಿರುವುದು ಅವುಗಳ ಕೆಲಸ. ಎಳೆಯ ವಯಸ್ಸಿನಲ್ಲಿಯೇ ಇರುಳುಗುರುಡಾದ ನಾಯಿಯು ಆ ಬಾಳಿನಲ್ಲಿ ಬಹುಕಾಲ ಉಳಿಯದು. ಅದರ ಮರಿಗಳನ್ನು ಯಾರೂ ಬಯಸರು. ಊರೂರು ಅಲೆಯುವ ಹಿಂಡುಗಳೊಡನೆ ಹೊಸ ರಕ್ತವೂ ಸೇರುತ್ತಿರುತ್ತದೆ. ಆದರೆ ಈ ವ್ಯವಸ್ಥೆಯನ್ನು ಅತಿಯಾಗಿ ಹೊಗಳುವುದೂ ತಪ್ಪು. ತಡವಾಗಿ ತೋರುವ ದೋಷವನ್ನು ತೋಳವಾಗಲಿ ಬಯಲಾಗಲಿ ಸೋಸಲಾರದು. ಅದಕ್ಕೆ ಮನುಷ್ಯನ ಲೆಕ್ಕವೇ ಬೇಕು.

ಆ ಲೆಕ್ಕಕ್ಕೆ ಈಗ ಸಾಧನಗಳಿವೆ. ಕಣ್ಣಿನ ತಜ್ಞರು ಪಾಪೆಯನ್ನು ಅಗಲಗೊಳಿಸುವ ಔಷಧವನ್ನು ಹಾಕಿ ಅಕ್ಷಿಪಟಲವನ್ನು ನೇರವಾಗಿ ನೋಡಬಲ್ಲರು. ಬೆಳಕಿಗೆ ಅಕ್ಷಿಪಟಲವು ತೋರುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದರೆ, ಹೊರಗೆ ಲಕ್ಷಣ ತೋರುವ ಮೊದಲೇ ಕ್ಷಯವನ್ನು ಗುರುತಿಸಬಹುದು. ಮೂಲದೋಷ ತಿಳಿದಿರುವ ರೋಗಗಳಲ್ಲಿ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ತೆಗೆದ ಮಾದರಿಯಿಂದಲೇ ವಾಹಕಗಳನ್ನು ತಿಳಿಯಬಹುದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ವಾಹಕವೆಂದು ತಿಳಿದ ನಾಯಿಗಳನ್ನೆಲ್ಲ ಒಮ್ಮೆಗೇ ಹೊರದೂಡಬೇಕೆಂದು ಕೆಲವರು ಎಣಿಸುತ್ತಾರೆ. ಚಿಕ್ಕ ತಳಿಯಲ್ಲಿ ಹಾಗೆ ಮಾಡಿದರೆ ಉಳಿದ ಕೆಲವೇ ನಾಯಿಗಳ ನಡುವೆ ಕೂಡಿಕೆ ಮತ್ತಷ್ಟು ಸಮೀಪವಾಗಿ, ಇದುವರೆಗೆ ತಿಳಿಯದಿದ್ದ ಇನ್ನೊಂದು ದೋಷ ತಲೆಯೆತ್ತುತ್ತದೆ. ವಾಹಕವನ್ನು ನಿರ್ದೋಷವಾದ ಸಂಗಾತಿಯೊಡನೆ ಕೂಡಿಸಿದರೆ ಒಂದು ಮರಿಯೂ ಕುರುಡಾಗುವುದಿಲ್ಲ. ಆ ಮರಿಗಳನ್ನು ಪರೀಕ್ಷಿಸಿ ನಿರ್ದೋಷವಾದವನ್ನು ಮುಂದಕ್ಕೆ ಆರಿಸುತ್ತ ಹೋದರೆ, ತಳಿಯ ಒಳ್ಳೆಯ ಗುಣಗಳು ಉಳಿದು ದೋಷ ಮಾತ್ರ ಕಡಮೆಯಾಗುತ್ತದೆ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳನ್ನು ಮಾಡಬಹುದು. ಮೊದಲನೆಯದಾಗಿ, ಮರಿಯನ್ನು ಕೊಳ್ಳುವವರು ವಂಶಾವಳಿಯಲ್ಲಿ ಬಿರುದುಗಳನ್ನಲ್ಲ, ಮರಳಿ ಮರಳಿ ಬರುವ ಹೆಸರುಗಳನ್ನು ಹುಡುಕಬೇಕು. ತಂದೆತಾಯಿಗಳ ಕಣ್ಣಿನ ಪರೀಕ್ಷೆಯ ಪತ್ರವನ್ನು ಕೇಳಬೇಕು. ಸಾಧ್ಯವಾದರೆ ಮುಸ್ಸಂಜೆಯಲ್ಲಿ ಅವುಗಳ ನಡಿಗೆಯನ್ನು ನೋಡಬೇಕು. ಎರಡನೆಯದಾಗಿ, ಮುಧೋಳದ ತಳಿಯನ್ನು ಬೆಳೆಸುವವರು ಪ್ರತಿಯೊಂದು ಗಂಡುನಾಯಿಯ ಸಂತತಿಗೆ ಮಿತಿಯನ್ನಿಟ್ಟು, ನಾಯಿಯ ಹುಟ್ಟಿನಂತೆಯೇ ಅದರ ರೋಗವನ್ನೂ ಸಾವನ್ನೂ ಬರೆದಿಡುವ ಪುಸ್ತಕವನ್ನು ಇಡಬೇಕು. ಮೂರನೆಯದಾಗಿ, ಆ ಪುಸ್ತಕದಲ್ಲಿ ದೋಷವನ್ನು ಬರೆಯಿಸಿದವನಿಗೆ ಅವಮಾನವಾಗದಂತೆ ನೋಡಿಕೊಳ್ಳಬೇಕು. ಅವಮಾನದ ಭಯವಿರುವಲ್ಲಿ ಸತ್ಯವಾದ ದಾಖಲೆ ಹುಟ್ಟುವುದಿಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ.

ಮಾವನವರ ನಾಯಿ ಈಗ ಸಂಪೂರ್ಣವಾಗಿ ಕುರುಡು. ಮನೆಯವರು ಮಂಚ, ಕಣಜ, ನೀರಿನ ಬಾನಿ ಇವುಗಳ ಸ್ಥಳವನ್ನು ಬದಲಿಸುವುದಿಲ್ಲ. ಹಿತ್ತಲಿನ ಕಂಬಕ್ಕೆ ಹಳೆಯ ಗೋಣಿಚೀಲವನ್ನು ಸುತ್ತಿದ್ದಾರೆ. ನಾಯಿ ಹೆಜ್ಜೆಯ ಸಪ್ಪಳದಿಂದಲೇ ನಮ್ಮನ್ನು ಗುರುತಿಸಿ ಬಾಗಿಲಿಗೆ ಬರುತ್ತದೆ. ವಂಶಾವಳಿಯ ಪತ್ರದ ಹಿಂಬದಿಯಲ್ಲಿ ಮಾವನವರು ತಮ್ಮ ಕೈಯಿಂದಲೇ ಅದಕ್ಕೆ ಕಣ್ಣು ಹೋದ ವರ್ಷವನ್ನೂ ವೈದ್ಯರು ಹೇಳಿದ ರೋಗದ ಹೆಸರನ್ನೂ ಬರೆದು, ಅದರ ಒಂದು ನಕಲನ್ನು ಮರಿಯನ್ನು ಕೊಟ್ಟವರಿಗೆ ಕಳುಹಿಸಿದ್ದಾರೆ. ಆ ನಾಯಿಯ ಒಡಹುಟ್ಟಿದವು ಎಲ್ಲಿವೆಯೋ, ಅವುಗಳ ಮರಿಗಳು ಎಷ್ಟಿವೆಯೋ ಅವರಿಗೆ ತಿಳಿಯದು. ಆದರೂ ಮುಂದೆ ಆ ಹೆಸರನ್ನು ಓದುವವರಿಗೆ ಇಷ್ಟಾದರೂ ತಿಳಿದಿರಲಿ ಎಂಬುದು ಅವರ ಇಚ್ಛೆ. ದಾಖಲೆಯೆಂಬುದರ ಪ್ರಯೋಜನವೂ ಇದೇ ಎಂದು ನಾವು ಭಾವಿಸುತ್ತೇವೆ.